ಮಳೆ ಲೆಕ್ಕ ನುಂಗಿ ಕೂತ ಲ್ಯಾಪ್‌ಟಾಪ್

2025ರ ಮೇ ಕೊನೆಯ ವಾರ. ಆಲ್ದೂರು ಕಡೆಯ ಗೌಡ್ರೊಬ್ಬರು ಚಿಕ್ಕಮಗಳೂರಿನ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದು ಟೇಬಲ್ ಮೇಲೆ ಒಂದು ದೊಡ್ಡ ಸ್ಟೀಲ್ ಡಬ್ಬಿ ಇಟ್ಟರು. ಮುಚ್ಚಳ ತೆಗೆದರೆ ಅಕ್ಕಿ. ಅಕ್ಕಿಯೊಳಗೆ ಹೂತಿಟ್ಟ ಲ್ಯಾಪ್‌ಟಾಪ್.

ಅಕ್ಕಿ ನೀರು ಹೀರುತ್ತದೆ ಅನ್ನುವ ನಂಬಿಕೆ ನಮ್ಮ ಜಿಲ್ಲೆಯಲ್ಲಿ ಮಳೆಯಷ್ಟೇ ಗಟ್ಟಿ. ನನ್ನ ಅನುಭವದಲ್ಲಿ ಅದು ಯುಎಸ್‌ಬಿ ಪೋರ್ಟಿಗೆ ತೌಡು ತುಂಬಿಸುತ್ತದೆ, ಅಷ್ಟೆ. ನೀರು ಬಿದ್ದದ್ದು ಹೇಗೆ ಅಂದರೆ, ರಾತ್ರಿಯ ಗಾಳಿಗೆ ತೋಟದ ಆಫೀಸಿನ ಹಂಚು ಸರಿದು, ಬೆಳಗಿನವರೆಗೂ ಮೇಜಿನ ಮೇಲೆ ತೊಟ್ಟಿಕ್ಕಿದೆ. ಬೆಳಗ್ಗೆ ತೋಟದ ಲೆಕ್ಕ ಬರೆಯುವ ರೈಟರು ಬಟ್ಟೆಯಲ್ಲಿ ಒರೆಸಿ ಬಟನ್ ಒತ್ತಿದ್ದಾರೆ. ಟಕ್ ಅಂದಿದೆ, ಮುಗಿಯಿತು. ಆಮೇಲೆ ಇನ್ನೊಂದು ಅಂಗಡಿಯಲ್ಲಿ ನಾಲ್ಕು ದಿನ ಇತ್ತಂತೆ. "ಬೋರ್ಡ್ ಹೋಗಿದೆ, ಡಿಸ್ಕ್ ಲಾಕ್ ಆಗಿದೆ, ಡೇಟಾ ಬರಲ್ಲ, ಬೇಕಾದ್ರೆ ಫಾರ್ಮ್ಯಾಟ್ ಮಾಡಿ ಬೇರೆ ಲ್ಯಾಪ್‌ಟಾಪಿಗೆ ಹಾಕಿಕೊಡ್ತೀವಿ" ಅಂದಿದ್ದಾರೆ. ಗೌಡ್ರು ಹಾಗೇ ಎತ್ತಿಕೊಂಡು ಬಂದದ್ದು ಪುಣ್ಯ.

"ಅದರಲ್ಲಿ ಏನಿದೆ ಗೌಡ್ರೇ?"

"ಆಳುಗಳ ಹಾಜರಿಯ ಚೆಕ್‌ರೋಲ್ ಇದೆ, ಬಟವಾಡೆ ಲೆಕ್ಕ ಇದೆ. ಅವು ಹೋದರೆ ಹೋಗಲಿ ಮಾರಾಯ, ಹೇಗಾದ್ರೂ ಮತ್ತೆ ಬರೆಸ್ತೀನಿ. ಅಪ್ಪಯ್ಯನ ಮಳೆ ಲೆಕ್ಕ ಇದೆ."

ಕಾಫಿ ತೋಟದವರಿಗೆ ಮಳೆ ಲೆಕ್ಕ ಅಂದರೆ ಏನು ಅಂತ ಹೊರಗಿನವರಿಗೆ ಸ್ವಲ್ಪ ಹೇಳಬೇಕು. ಮಾರ್ಚ್-ಏಪ್ರಿಲ್‌ನಲ್ಲಿ ಹೂ ಮಳೆ ಯಾವತ್ತು ಬಿತ್ತು, ಎಷ್ಟು ಬಿತ್ತು, ಅದಾದ ಮೇಲೆ ಕಾಯಿ ಕಚ್ಚಲು ಬೇಕಾದ ಎರಡನೇ ಮಳೆ ಎಷ್ಟು ದಿನಕ್ಕೆ ಬಂತು ಅನ್ನುವುದರ ಮೇಲೆ ಆ ವರ್ಷದ ಫಸಲು ನಿಂತಿರುತ್ತದೆ. ಬೆಳಗ್ಗೆ ಎಂಟಕ್ಕೆ ಅಳತೆಯ ಪಾತ್ರೆ ನೋಡಿ ಡೈರಿಯಲ್ಲಿ ಬರೆಯುವುದು ಮನೆಯ ದೇವರ ದೀಪ ಹಚ್ಚುವಷ್ಟೇ ಕಡ್ಡಾಯ. ಮಿಲಿಮೀಟರ್ ಯಾರಿಗೂ ಬೇಡ, ಇಂಚು, ಸೆಂಟ್ಸ್. ನೂರು ಸೆಂಟ್ಸ್ ಒಂದು ಇಂಚು. ಇವರ ತಂದೆ 1968ರಿಂದ ಬರೆದಿದ್ದರು. ಡೈರಿಗಳಿಗೆ ಗೆದ್ದಲು ಹಿಡಿಯಲು ಶುರುವಾದಾಗ ರೈಟರು ಎರಡು ಮಳೆಗಾಲ ಕೂತು ಎಲ್ಲವನ್ನೂ ಎಕ್ಸೆಲ್‌ಗೆ ಇಳಿಸಿದ್ದರು, ಒಂದೊಂದು ದಶಕಕ್ಕೆ ಒಂದೊಂದು ಶೀಟ್. ಬ್ಯಾಕಪ್ ಇದೆಯಾ ಅಂತ ಕೇಳಲಿಲ್ಲ. ಇದ್ದಿದ್ದರೆ ಅಕ್ಕಿ ಡಬ್ಬಿ ಹೊತ್ತುಕೊಂಡು ಬರುತ್ತಿರಲಿಲ್ಲ.

ಮೊದಲು ಬಿಲ್ ಕೇಳಿದೆ. ಬೇಜಾರು ಮಾಡಿಕೊಳ್ಳದೆ ಕೊಟ್ಟರು. ಇದು ನನ್ನ ಅಂಗಡಿಯ ಕಟ್ಟಳೆ: ಲಾಕ್ ಆದ ಡಿಸ್ಕ್ ಯಾರೇ ತಂದರೂ ಖರೀದಿ ಬಿಲ್, ಆಧಾರ್ ನೋಡದೆ ಸ್ಕ್ರೂ ತೆಗೆಯುವುದಿಲ್ಲ. "ಫ್ರೆಂಡ್ ಲ್ಯಾಪ್‌ಟಾಪ್ ಅಣ್ಣಾ, ಲಾಕ್ ಒಡೆದು ಕೊಡಿ" ಅಂತ ಬರುವ ಹುಡುಗರನ್ನು ವರ್ಷಕ್ಕೆ ಐದಾರು ಮಂದಿಯನ್ನಾದರೂ ವಾಪಸ್ ಕಳಿಸುತ್ತೇನೆ.

ಮೊದಲ ದಿನ: ಡಿಸ್ಕ್ ಹೊರಗೆ

2019ರ ಲ್ಯಾಪ್‌ಟಾಪ್, ಒಂದು ಟಿಬಿಯ ಎರಡೂವರೆ ಇಂಚಿನ ಸಾಟಾ ಡಿಸ್ಕ್, ನಿಮಿಷಕ್ಕೆ 5400 ಸುತ್ತಿನದು. ಹಿಂದಿನ ಕವರ್ ತೆಗೆದಾಗ ಮದರ್‌ಬೋರ್ಡಿನ ಚಾರ್ಜಿಂಗ್ ಭಾಗದಲ್ಲಿ ಹಸಿರು ಕಿಲುಬು, ಒಂದು ಐಸಿ (ಚಿಪ್) ಸುಟ್ಟು ಹೊಟ್ಟೆ ಒಡೆದಿತ್ತು. ಬೋರ್ಡನ್ನು ಒಂದು ಆಂಟಿಸ್ಟಾಟಿಕ್ ಕವರಿಗೆ ಹಾಕಿ, ಮೇಲೆ ಗೌಡ್ರ ಹೆಸರು ಬರೆದು ಎತ್ತಿಟ್ಟೆ. ಸತ್ತ ಬೋರ್ಡ್ ಯಾಕೆ ಎತ್ತಿಡಬೇಕು ಅನ್ನುವುದು ಮುಂದೆ ಬರುತ್ತದೆ.

ಡಿಸ್ಕಿಗೆ ಕರೆಂಟ್ ಕೊಡುವ ಮೊದಲು ಅದರ ಕೆಳಗಿನ ಸರ್ಕ್ಯೂಟ್ ಬೋರ್ಡ್ ಬಿಚ್ಚಿದೆ. ನಕ್ಷತ್ರ ತಲೆಯ ಪುಟಾಣಿ ಟಾರ್ಕ್ಸ್ ಸ್ಕ್ರೂಗಳು. ಮೊಂಡು ಬಿಟ್ ಹಾಕಿ ತಲೆ ತಿಂದುಬಿಟ್ಟರೆ ಕಥೆ ಮುಗಿಯಿತು. ಬೋರ್ಡಿನ ಒಳಮೈಯಲ್ಲಿ ಡಿಸ್ಕಿನ ಒಳಗಿನ ಹೆಡ್‌ಗಳಿಗೂ ಮೋಟಾರಿಗೂ ತಾಗುವ ಸಾಲು ಸಾಲು ಪ್ಯಾಡ್‌ಗಳಿರುತ್ತವೆ. ಅವು ಬಂಗಾರದ ಬಣ್ಣಕ್ಕೆ ಹೊಳೆಯಬೇಕು. ಇಲ್ಲಿ ಅರ್ಧಕ್ಕರ್ಧ ಕಪ್ಪು. ಮಲೆನಾಡಿನ ತೇವಕ್ಕೆ ನೀರು ಬೀಳದ ಡಿಸ್ಕಿನಲ್ಲೂ ಇದನ್ನು ನೋಡಿದ್ದೇನೆ. ಪೆನ್ಸಿಲ್ ರಬ್ಬರಿನಿಂದ ಒತ್ತದೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಟೇಬಲ್ ಫ್ಯಾನಿನ ಕೆಳಗೆ ಒಂದು ಗಂಟೆ ಬಿಟ್ಟೆ. ಸುಟ್ಟ ಗುರುತು ಎಲ್ಲೂ ಇರಲಿಲ್ಲ.

ಸುಟ್ಟಿದ್ದರೆ? ಅದೇ ಮಾಡೆಲಿನ ಇನ್ನೊಂದು ಡಿಸ್ಕಿನ ಬೋರ್ಡ್ ತಂದು ಕೂರಿಸಿದರಾಯಿತು ಅಂತ ವಿಡಿಯೋಗಳಲ್ಲಿ ತೋರಿಸುತ್ತಾರೆ. ಈಗಿನ ಡಿಸ್ಕುಗಳಲ್ಲಿ ಅದು ನಡೆಯುವುದಿಲ್ಲ. ಆಯಾ ಡಿಸ್ಕಿನ ಹೆಡ್‌ಗಳಿಗೆ ಕಾರ್ಖಾನೆಯಲ್ಲಿ ಹೊಂದಿಸಿದ ಮಾಹಿತಿ ಬೋರ್ಡಿನ ಮೇಲಿನ ಎಂಟು ಕಾಲಿನ ಒಂದು ಸಣ್ಣ ಚಿಪ್‌ನಲ್ಲಿರುತ್ತದೆ. ಹಳೆಯ ಬೋರ್ಡಿನಿಂದ ಅದನ್ನು ಕಿತ್ತು ಹೊಸದಕ್ಕೆ ಬೆಸೆಯಬೇಕು. ಇನ್ನು ಮೇಲಿನ ಮುಚ್ಚಳ ಬಿಚ್ಚುವ ಮಾತೇ ಬೇಡ. ನನ್ನ ಅಂಗಡಿ ಇರುವುದು ಐ.ಜಿ. ರಸ್ತೆಯಿಂದ ಒಂದು ತಿರುವು ಒಳಗೆ, ಬಸ್ಸಿನ ಧೂಳು ಟೀ ಲೋಟದೊಳಗೂ ಬೀಳುತ್ತದೆ.

ಮತ್ತೆ ಜೋಡಿಸಿ, ನನ್ನ ಡೆಸ್ಕ್‌ಟಾಪಿನ ಸಾಟಾ ಕೇಬಲ್ಲಿಗೆ ನೇರವಾಗಿ ಸಿಕ್ಕಿಸಿದೆ. ಯುಎಸ್‌ಬಿ ಡಾಕ್ ಬಳಸಲಿಲ್ಲ. ಡಿಸ್ಕ್ ಒಂದು ಸೆಕ್ಟರ್ (ಡೇಟಾ ಇಡುವ ಪುಟ್ಟ ತುಂಡು) ಓದಲು ಒದ್ದಾಡುವಾಗ ಅಗ್ಗದ ಡಾಕ್‌ಗಳು ಕಾಯದೆ ಕನೆಕ್ಷನ್ನನ್ನೇ ಕಡಿದುಬಿಡುತ್ತವೆ. ವಿಂಡೋಸ್ ಕೂಡ ಅಲ್ಲ, ಲಿನಕ್ಸ್. ರೋಗಿಷ್ಟ ಡಿಸ್ಕ್ ಕಂಡರೆ ವಿಂಡೋಸ್ "ಫಾರ್ಮ್ಯಾಟ್ ಮಾಡಲೇ?" ಅಂತ ಕೇಳುತ್ತದೆ, ಕೇಳದೆ ಒಂದಿಷ್ಟು ಬರೆದೂ ಬಿಡುತ್ತದೆ.

ಡಿಸ್ಕ್ ತಿರುಗಿತು. ಶಬ್ದ ಸಮ. ಹೆಸರು, ಗಾತ್ರ ಸರಿಯಾಗಿ ಬಂತು: 1,95,35,25,168 ಸೆಕ್ಟರ್. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಬರೆದಿಡುವ ಸ್ಮಾರ್ಟ್ ವರದಿ ತೆಗೆದಾಗ ಸಂತೋಷ ಅರ್ಧ ಇಳಿಯಿತು. ಐದನೇ ಸಾಲು, ಅಂದರೆ ಹಾಳಾಗಿ ಬದಲಿ ಜಾಗಕ್ಕೆ ಹೋದ ಸೆಕ್ಟರುಗಳು, 24. ಅದಕ್ಕಿಂತ ಮುಖ್ಯ 197ನೇ ಸಾಲು: ಓದಲು ಆಗದೆ ತೀರ್ಮಾನಕ್ಕೆ ಕಾಯುತ್ತಿರುವವು. ಅದು ಸೊನ್ನೆ ಇರಬೇಕಿತ್ತು, ಇರಲಿಲ್ಲ. ಇದು ಮಳೆ ಮಾಡಿದ್ದಲ್ಲ, ಮೊದಲೇ ಇದ್ದ ಕಾಯಿಲೆ. ತೋಟದ ಜೀಪಿನಲ್ಲಿ ಕುಲುಕಾಡಿದ ಲ್ಯಾಪ್‌ಟಾಪ್.

ಹಾಗಾಗಿ ನನ್ನ ಮುಂದೆ ಎರಡು ಬೇರೆ ಬೇರೆ ತೊಂದರೆ ಇದ್ದವು: ಸಾಯುತ್ತಿರುವ ಡಿಸ್ಕ್, ಬೀಗ ಹಾಕಿದ ಡಿಸ್ಕ್. ಬೀಗ ಎಷ್ಟು ದಿನ ಬೇಕಾದರೂ ಕಾಯುತ್ತದೆ, ಡಿಸ್ಕ್ ಕಾಯುವುದಿಲ್ಲ. ಬೀಗ ತೆರೆಯುವ ಯಾವ ಪ್ರಯತ್ನವನ್ನೂ ಅಸಲಿ ಡಿಸ್ಕಿನ ಮೇಲೆ ಮಾಡಕೂಡದು. ಹಾಗೆ ಮಾಡಿದಷ್ಟೂ ಓದಿಸಿ ಓದಿಸಿ ಅದನ್ನು ಸುಸ್ತು ಮಾಡುತ್ತೇವೆ. ಒಳಗೇನಿದೆ ಅಂತ ಅರ್ಥವಾಗಬೇಕಿಲ್ಲ, ಇದ್ದದ್ದು ಇದ್ದ ಹಾಗೆ ನಕಲಾದರೆ ಸಾಕು.

ನಕಲು

ಎರಡು ಟಿಬಿಯ ಒಳ್ಳೆಯ ಡಿಸ್ಕಿಗೆ ಡಿಡಿರೆಸ್ಕ್ಯೂ ಹಚ್ಚಿದೆ. ಈ ಸಾಫ್ಟ್‌ವೇರಿನ ಜಾಣತನ ಕಾಫಿ ಕುಯ್ಯುವವರದ್ದೇ. ಮೊದಲ ಸುತ್ತಿನಲ್ಲಿ ಕೈಗೆ ಸುಲಭವಾಗಿ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಮುಂದೆ ಹೋಗುತ್ತದೆ, ಕಷ್ಟದ ಗಿಡದ ಹತ್ತಿರ ನಿಂತು ಹೊತ್ತು ಕಳೆಯುವುದಿಲ್ಲ. ಆಮೇಲೆ ಬಿಟ್ಟ ಜಾಗಗಳಿಗೆ ವಾಪಸ್ ಬಂದು ಹೆಕ್ಕುತ್ತದೆ. ಎಲ್ಲಿ ಓದಿತು, ಎಲ್ಲಿ ಬಿಟ್ಟಿತು ಅನ್ನುವ ಪೂರ್ತಿ ಲೆಕ್ಕ ಒಂದು ಮ್ಯಾಪ್ ಫೈಲಿನಲ್ಲಿರುತ್ತದೆ. ಆ ಫೈಲಿನ ಹೆಸರು ಕೊಡದೆ ಡಿಡಿರೆಸ್ಕ್ಯೂ ಓಡಿಸಿದರೆ ಅರ್ಧ ಉಪಯೋಗ ಕಳೆದುಕೊಂಡ ಹಾಗೆ.

ಮೊದಲ ಸುತ್ತು ಸುಮಾರು 60 ಪರ್ಸೆಂಟ್ ದಾಟಿತ್ತು, ಕರೆಂಟ್ ಹೋಯಿತು. ಯುಪಿಎಸ್‌ನಲ್ಲಿ ಇಪ್ಪತ್ತು ನಿಮಿಷ. ಹದಿನೈದು ಕಾದೆ, ಬರಲಿಲ್ಲ. ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಮಷೀನ್ ಮಲಗಿಸಿ, ಮೊಂಬತ್ತಿ ಹಚ್ಚಿ ಕೂತೆ. ಕರೆಂಟ್ ಬಂದದ್ದು ರಾತ್ರಿ ಒಂಬತ್ತೂವರೆಗೆ. ಅದೇ ಕಮಾಂಡ್, ಅದೇ ಮ್ಯಾಪ್ ಫೈಲ್. ಬಿಟ್ಟ ಜಾಗದಿಂದಲೇ ಹೊರಟಿತು. ಒಟ್ಟು ಐದು ಗಂಟೆ ಚಿಲ್ಲರೆಗೆ ಮೊದಲ ಸುತ್ತು ಮುಗಿಯಿತು. ಆಮೇಲೆ ಹಠಮಾರಿ ಸೆಕ್ಟರುಗಳಿಗೆ ಮೂರು ಬಾರಿ ಮರುಪ್ರಯತ್ನ ಅಂತ ಹೇಳಿ, ಡಿಸ್ಕಿಗೆ ಟೇಬಲ್ ಫ್ಯಾನ್ ತಿರುಗಿಸಿ ಮನೆಗೆ ಹೋದೆ.

ಬೆಳಗ್ಗೆ ನೋಡಿದರೆ ಓದಲಾಗದೆ ಉಳಿದದ್ದು 28,672 ಬೈಟ್. ಈ ಡಿಸ್ಕ್ ಒಳಗೆ 4,096 ಬೈಟಿನ ಸೆಕ್ಟರ್ ಲೆಕ್ಕದಲ್ಲಿ ಕೆಲಸ ಮಾಡುತ್ತದೆ, ಅಂದರೆ ಸರಿಯಾಗಿ ಏಳು ಸೆಕ್ಟರ್. ಒಂದು ಟಿಬಿಯಲ್ಲಿ ಏಳು ತೂತು. ಅಸಲಿ ಡಿಸ್ಕ್ ಬಿಚ್ಚಿ ಬೋರ್ಡಿನ ಕವರ್ ಜೊತೆ ಬೀರುವಿಗೆ ಹೋಯಿತು.

ನಾನು ಮೋಸ ಹೋದ ಅರ್ಧ ದಿನ

ನಕಲನ್ನು ರೀಡ್-ಓನ್ಲಿ ಆಗಿ ತೆರೆದು, ಅಭ್ಯಾಸಬಲದಿಂದ, ಕಳೆದುಹೋದ ಫೈಲು ಹುಡುಕುವ ಫೋಟೋರೆಕ್ ಓಡಿಸಿದೆ. ಬೀಗ ಹಾಕಿದ ಡಿಸ್ಕಿನಲ್ಲಿ ಅದಕ್ಕೆ ಏನೂ ಸಿಗಬಾರದು. ಎನ್‌ಕ್ರಿಪ್ಟ್ ಆದ ಡೇಟಾ ಅಂದರೆ ತಲೆಬುಡ ಇಲ್ಲದ ಗೊಜ್ಜು, ಅದರಲ್ಲಿ ಜೆಪೆಗ್ ಗುರುತು ಹುಡುಕುವುದು ವ್ಯರ್ಥ. ಆದರೆ ಸಿಕ್ಕಿತು! ಹಣ್ಣಿನ ರಾಶಿ, ಪಲ್ಪರ್, ಯಾರದೋ ಮದುವೆಯ ಊಟದ ಪಂಕ್ತಿ, ಒಂದು ನಾಯಿಯ ಹನ್ನೆರಡು ಫೋಟೋ. "ಇದಕ್ಕೆ ಎಲ್ಲಿದೆ ಲಾಕು? ಆ ಅಂಗಡಿಯವರು ಸುಳ್ಳು ಹೇಳಿದ್ದಾರೆ" ಅಂದುಕೊಂಡು ಗೌಡ್ರಿಗೆ ಫೋನ್ ಮಾಡಿ, ಸಂಜೆಗೆ ಕೊಡ್ತೀನಿ ಅಂತಲೂ ಹೇಳಿಬಿಟ್ಟೆ.

ಎಕ್ಸೆಲ್ ಫೈಲುಗಳೂ ಸಿಕ್ಕವು, ಎಲ್ಲ 2023ರ ಹಿಂದಿನವು. ಮಳೆ ಲೆಕ್ಕ ಇಲ್ಲ. ಆಗ ತಲೆಗೆ ಹೊಳೆದು ಮುಖ್ಯ ಪಾರ್ಟಿಶನ್ನಿನ ಮೊದಲ ಸೆಕ್ಟರನ್ನು ಹೆಕ್ಸ್‌ನಲ್ಲಿ ನೋಡಿದೆ. ಎನ್‌ಟಿಎಫ್‌ಎಸ್ (ವಿಂಡೋಸಿನ ಮಾಮೂಲಿ ಫೈಲ್ ವ್ಯವಸ್ಥೆ) ಅಂತ ಇರಬೇಕಾದ ಜಾಗದಲ್ಲಿ "ಎಫ್‌ವಿಇ-ಎಫ್‌ಎಸ್" ಅನ್ನುವ ಗುರುತು. ಬಿಟ್‌ಲಾಕರ್‌ನ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ) ಮುದ್ರೆ ಅದು, ಸಂಶಯವೇ ಇಲ್ಲ.

ಹಾಗಾದರೆ ಫೋಟೋಗಳು ಹೇಗೆ ಬಂದವು? ವಿಂಡೋಸ್ ತಾನಾಗಿ ಎನ್‌ಕ್ರಿಪ್ಟ್ ಮಾಡುವಾಗ ಸಾಮಾನ್ಯವಾಗಿ ಆಗ ಬಳಕೆಯಲ್ಲಿರುವ ಜಾಗಕ್ಕೆ ಮಾತ್ರ ಬೀಗ ಹಾಕುತ್ತದೆ. ಖಾಲಿ ಜಾಗ ಹಾಗೇ ಇರುತ್ತದೆ. ಯಾರೋ ಈ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದ್ದಾರೆ, ಹಳೆಯ ಜನ್ಮದ ಪಳೆಯುಳಿಕೆ ಖಾಲಿ ಜಾಗದಲ್ಲಿ ಉಳಿದುಕೊಂಡಿದೆ. (ಹಳೆ ಲ್ಯಾಪ್‌ಟಾಪ್ ಮಾರುವವರು ಇದನ್ನೊಮ್ಮೆ ನೆನಪಿಡಿ.) ಗೌಡ್ರಿಗೆ ಮತ್ತೆ ಫೋನ್ ಮಾಡುವುದು ಸುಲಭವಾಗಿರಲಿಲ್ಲ.

ಕೀಲಿ ಯಾರ ಹತ್ತಿರ

"ಪಾಸ್‌ವರ್ಡೇ ಇರಲಿಲ್ಲ ಮಾರಾಯ, ನಾಲ್ಕು ನಂಬರ್ ಒತ್ತಿದ್ರೆ ತೆರೀತಿತ್ತು. ಹೇಳ್ಲಾ?"

"ಆ ನಂಬರ್ ಈಗ ಕೆಲಸಕ್ಕೆ ಬರಲ್ಲ ಗೌಡ್ರೇ."

ಯಾಕೆ ಬರಲ್ಲ ಅಂತ ಅವರಿಗೆ ಹೇಳಿದ್ದು ಹೀಗೆ. ಗೋಡೌನಿಗೆ ಒಂದು ಬೀಗ. ಆ ಬೀಗದ ಕೀ ಒಂದು ಉಕ್ಕಿನ ಪೆಟ್ಟಿಗೆಯಲ್ಲಿದೆ. ಆ ಪೆಟ್ಟಿಗೆ ತೆರೆಯಲು ಎರಡು ದಾರಿ. ಒಂದು, ಬಾಗಿಲಲ್ಲಿ ಕೂತ ಕಾವಲುಗಾರ. ಗುರುತು ಹಿಡಿದರೆ ತಾನೇ ತೆರೆದುಕೊಡುತ್ತಾನೆ. ಇನ್ನೊಂದು, ಬೇರೆ ಊರಲ್ಲಿ ಇಟ್ಟಿರುವ ಡೂಪ್ಲಿಕೇಟ್ ಕೀ. ಕಾವಲುಗಾರ ಅಂದರೆ ಲ್ಯಾಪ್‌ಟಾಪ್ ಬೋರ್ಡಿಗೆ ಅಂಟಿಕೊಂಡ ಟಿಪಿಎಂ ಅನ್ನುವ ಚಿಪ್. ನಾಲ್ಕು ನಂಬರಿನ ಪಿನ್ ಆ ಯಂತ್ರದ ಒಳಗಿನ ವ್ಯವಹಾರ, ಡಿಸ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಬೋರ್ಡ್ ಸತ್ತಾಗ ಕಾವಲುಗಾರನೂ ಹೋದ. ಅದೇ ಕಂಪನಿಯ ಅದೇ ಮಾಡೆಲಿನ ಬೇರೆ ಲ್ಯಾಪ್‌ಟಾಪಿಗೆ ಡಿಸ್ಕ್ ಹಾಕಿದರೂ ಅವನು ಬೇರೆ ಕಾವಲುಗಾರ, ಗುರುತು ಹಿಡಿಯುವುದಿಲ್ಲ. ಸತ್ತ ಬೋರ್ಡನ್ನು ಎತ್ತಿಟ್ಟದ್ದು ಇದಕ್ಕೇ: ಡೂಪ್ಲಿಕೇಟ್ ಕೀ ಸಿಗದಿದ್ದರೆ ಸುಟ್ಟ ಐಸಿ ಬದಲಿಸಿ ಅದೇ ಬೋರ್ಡನ್ನು ಎಬ್ಬಿಸಲು ನೋಡುವುದು ನನ್ನ ಕೊನೆಯ ದಾರಿ.

ಡೂಪ್ಲಿಕೇಟ್ ಕೀ ಅಂದರೆ 48 ಅಂಕಿಯ ರಿಕವರಿ ಕೀ. ಅದನ್ನು ಊಹಿಸಿ ಕಂಡುಹಿಡಿಯಲು ಯಾವ ಅಂಗಡಿಗೂ, ಯಾವ ಸರ್ಕಾರಕ್ಕೂ ಆಗುವುದಿಲ್ಲ. ಒಳಗೆ ಅದು 128 ಬಿಟ್‌ನ ಸಂಖ್ಯೆ. "ನಮ್ಮ ಹತ್ತಿರ ಸಾಫ್ಟ್‌ವೇರ್ ಇದೆ, ಲಾಕ್ ಒಡೀತೀವಿ" ಅಂತ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ. ಮೈಕ್ರೊಸಾಫ್ಟ್ ಅಕೌಂಟಿನಲ್ಲಿ ಸೈನ್-ಇನ್ ಆಗಿದ್ದರೆ ಆ ಕೀ ತಾನಾಗಿ ಆ ಅಕೌಂಟಿಗೆ ಹೋಗಿ ಕೂತಿರುತ್ತದೆ. ಪ್ರಶ್ನೆ ಇಷ್ಟೇ, ಯಾರ ಅಕೌಂಟು?

ಗೌಡ್ರ ಇಮೇಲ್ ತೆರೆಸಿದೆವು. ಆ ಹೆಸರಲ್ಲಿ ಅಕೌಂಟೇ ಇಲ್ಲ. ಮಂಗಳೂರಿನಲ್ಲಿರುವ ಮಗಳದ್ದು: ಅಕೌಂಟ್ ಇದೆ, ಅದರಲ್ಲಿ ಅವರದೇ ಲ್ಯಾಪ್‌ಟಾಪಿನ ಕೀ ಮಾತ್ರ. ರೈಟರ ಹತ್ತಿರ ಫೋನೇ ಬಟನ್ನಿನದು. ಎರಡು ದಿನ ಹೀಗೆ ಹೋಯಿತು. ಮೂರನೇ ದಿನ ನಾನೇ ಬೇರೆ ರೀತಿ ಕೇಳಿದೆ: "ಇದಕ್ಕೆ ಹೊಸ ವಿಂಡೋಸ್ ಹಾಕಿದ್ದು ಯಾರು?"

"ಅಯ್ಯೋ, ಅದು ನಮ್ಮ ಅಳಿಯ! ತಂಗಿ ಮಗ. ದೀಪಾವಳಿಗೆ ಬಂದಾಗ ಸ್ಲೋ ಆಗಿದೆ ಮಾವಾ ಅಂತ ಒಂದು ಮಧ್ಯಾಹ್ನ ಕೂತು ಎಲ್ಲ ಸರಿ ಮಾಡಿದ್ದ. ನಮ್ಮ ಫೈಲ್ ಎಲ್ಲ ಪೆನ್‌ಡ್ರೈವಿಗೆ ತೆಗೆದು ವಾಪಸ್ ಹಾಕಿದ್ದ."

2024ರ ದೀಪಾವಳಿ. ವಿಂಡೋಸ್ 11ರ 24ಎಚ್2 ಆವೃತ್ತಿ ಹೊರಬಂದದ್ದು ಅದೇ ಅಕ್ಟೋಬರಿನಲ್ಲಿ. ಆ ಆವೃತ್ತಿಯನ್ನು ಹೊಸದಾಗಿ ಹಾಕಿ ಮೈಕ್ರೊಸಾಫ್ಟ್ ಅಕೌಂಟಿನಿಂದ ಒಳಗೆ ಹೋದರೆ, ಹಿಂದೆ ಈ ಸೌಲಭ್ಯಕ್ಕೆ ಅರ್ಹವಲ್ಲದ ಎಷ್ಟೋ ಲ್ಯಾಪ್‌ಟಾಪುಗಳಲ್ಲೂ ಎನ್‌ಕ್ರಿಪ್ಶನ್ ತಾನಾಗಿ ಆನ್ ಆಗುತ್ತದೆ. ಹೋಂ ಆವೃತ್ತಿಯಲ್ಲೂ. ಹುಡುಗ ಬೇಗ ಮುಗಿಸುವ ಆತುರಕ್ಕೆ ತನ್ನದೇ ಅಕೌಂಟ್ ಹಾಕಿದ್ದ, ಆಮೇಲೆ ಮಾವನಿಗೆ ಬೇರೆ ಯೂಸರ್ ಮಾಡಿಕೊಟ್ಟಿದ್ದ. ಬೀಗ ಬಿದ್ದದ್ದು ಅವನಿಗೂ ಗೊತ್ತಿಲ್ಲ, ಕೀ ತನ್ನ ಹತ್ತಿರ ಇರುವುದೂ ಗೊತ್ತಿಲ್ಲ.

ಹನ್ನೊಂದರ ಲೆಕ್ಕ

ನಕಲಿನಿಂದ ಕ್ರಿಪ್ಟ್‌ಸೆಟಪ್‌ನಲ್ಲಿ ಬಿಟ್‌ಲಾಕರ್ ವಿವರ ತೆಗೆದೆ. 2020ರಲ್ಲಿ ಬಂದ 2.3 ಆವೃತ್ತಿಯಿಂದ ಲಿನಕ್ಸ್‌ನ ಈ ಸಾಧನಕ್ಕೆ ಬಿಟ್‌ಲಾಕರ್ ಓದಲು ಬರುತ್ತದೆ. ಕೀಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ, ಅದರ ಮೊದಲ ಎಂಟು ಅಕ್ಷರ ಬರೆದುಕೊಂಡು ಅಳಿಯನಿಗೆ ಫೋನ್ ಮಾಡಿದೆ. ಬೆಂಗಳೂರಿನಿಂದ ಎಲ್ಲಿಗೋ ಬಸ್ಸಿನಲ್ಲಿದ್ದ. ಅಕೌಂಟ್ ತೆರೆದು, "ಅಣ್ಣಾ, ಇಲ್ಲಿ ನಾಲ್ಕು ಕೀ ಇದೆ, ಯಾವುದು?" ಅಂದ. ಗುರುತು ಹೇಳಿದೆ. ಮೂರನೆಯದು ತಾಳೆಯಾಯಿತು.

"ಮನೆ ಗ್ರೂಪಿಗೆ ಹಾಕ್ತೀನಿ ಅಣ್ಣಾ." ಬೇಡಪ್ಪಾ ಅಂದೆ. ಮೂವತ್ತು ಜನರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಗೋಡೌನ್ ಕೀ ನೇತುಹಾಕುವುದು ಬೇಡ, ಓದಿ ಹೇಳು, ಬರೆದುಕೊಳ್ತೀನಿ. ಈಗ ಯೋಚಿಸಿದರೆ ನನ್ನೊಬ್ಬನಿಗೆ ಕಳಿಸು ಅನ್ನಬಹುದಿತ್ತು, ಆ ಹೊತ್ತಿಗೆ ಹೊಳೆಯಲಿಲ್ಲ. ಆರಾರು ಅಂಕಿಯ ಎಂಟು ಗುಂಪು. ಬಸ್ಸಿನ ಗದ್ದಲ, ಇಲ್ಲಿ ತಗಡಿನ ಮೇಲೆ ಮಳೆ. ಹಾಕಿ ನೋಡಿದರೆ ತೆರೆಯಲಿಲ್ಲ.

ಇಲ್ಲೊಂದು ಚೆಂದದ ಉಪಾಯವಿದೆ. ಬಿಟ್‌ಲಾಕರ್ ಕೀಯ ಪ್ರತಿ ಗುಂಪೂ 11ರಿಂದ ಭಾಗವಾಗಬೇಕು. ಬರೆಯುವಾಗ ತಪ್ಪಿದರೆ ಗೊತ್ತಾಗಲಿ ಅಂತಲೇ ಹಾಗೆ ಮಾಡಿದ್ದಾರೆ. 11ರ ಪರೀಕ್ಷೆ ನಾವು ಶಾಲೆಯಲ್ಲಿ ಕಲಿತದ್ದೇ: ಒಂದು ಬಿಟ್ಟು ಒಂದು ಅಂಕಿ ಕೂಡಿಸು, ಎರಡು ಮೊತ್ತಗಳ ವ್ಯತ್ಯಾಸ ಸೊನ್ನೆಯೋ ಹನ್ನೊಂದೋ ಇಪ್ಪತ್ತೆರಡೋ ಬರಬೇಕು. ಉದಾಹರಣೆಗೆ 415382: 4, 5, 8 ಕೂಡಿದರೆ 17; 1, 3, 2 ಕೂಡಿದರೆ 6; ವ್ಯತ್ಯಾಸ 11, ಸರಿ. ಅದನ್ನೇ 419382 ಅಂತ ಬರೆದುಕೊಂಡಿದ್ದರೆ 21ರಲ್ಲಿ 6 ಹೋಗಿ 15, ತಪ್ಪು. ನನ್ನ ಚೀಟಿಯಲ್ಲಿ ಐದನೇ ಗುಂಪು ಮಾತ್ರ ಕೈಕೊಟ್ಟಿತು. ಮತ್ತೆ ಫೋನ್ ಮಾಡಿದರೆ, "ನೈನ್ ಅಲ್ಲಣ್ಣ, ಫೈವ್." ಕನ್ನಡದಲ್ಲಿ ಹೇಳಿದ್ದರೆ ಐದಕ್ಕೂ ಒಂಬತ್ತಕ್ಕೂ ಗೊಂದಲವೇ ಇರುತ್ತಿರಲಿಲ್ಲ ಅಂತ ಇಬ್ಬರೂ ನಕ್ಕೆವು.

ತೆರೆಯಿತು. ಡೆಸ್ಕ್‌ಟಾಪಿನ ಮೇಲೆಯೇ "ಅಪ್ಪಯ್ಯ ಮಳೆ" ಅನ್ನುವ ಫೋಲ್ಡರ್.

ಏಳರಲ್ಲಿ ಒಂದು

ಎಲ್ಲವನ್ನೂ ಬೇರೆ ಡಿಸ್ಕಿಗೆ ಇಳಿಸಿ ಒಂದೊಂದೇ ಫೈಲ್ ತೆರೆದು ನೋಡಿದೆ. ಚೆಕ್‌ರೋಲ್ ಸರಿ. ಬಟವಾಡೆ ಸರಿ. ಮಳೆಯ ಎಕ್ಸೆಲ್ ಫೈಲ್ ಮಾತ್ರ "ಹಾಳಾಗಿದೆ, ರಿಪೇರಿ ಮಾಡಲೇ?" ಅಂದಿತು. ಬೇಡ ಅಂದೆ.

ಏಳು ತೂತುಗಳು ಎಲ್ಲಿ ಬಿದ್ದಿವೆ ಅಂತ ಹುಡುಕಬೇಕಿತ್ತು. ಸಾಮಾನ್ಯ ಡಿಸ್ಕಿನಲ್ಲಾದರೆ ಓದಲಾಗದ ಜಾಗ ನಕಲಿನಲ್ಲಿ ಸೊನ್ನೆಗಳಾಗಿ ಉಳಿಯುತ್ತದೆ, ನೋಡಿದರೆ ತಿಳಿಯುತ್ತದೆ. ಇಲ್ಲಿ ಆ ಸೊನ್ನೆಗಳೂ ಡೀಕ್ರಿಪ್ಟ್ ಆಗಿ ಅಸಲಿ ಡೇಟಾದ ವೇಷದ ಕಸವಾಗಿ ಹೊರಬರುತ್ತವೆ. ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಮ್ಯಾಪ್ ಫೈಲೇ ಗತಿ: ಅದರಲ್ಲಿನ ಬೈಟ್ ಲೆಕ್ಕವನ್ನು ಸೆಕ್ಟರ್ ಸಂಖ್ಯೆಗೆ ತಿರುಗಿಸಿ, ಅದರಿಂದ ಪಾರ್ಟಿಶನ್ ಶುರುವಾಗುವ ಸಂಖ್ಯೆ ಕಳೆದು, ಎನ್‌ಟಿಎಫ್‌ಎಸ್‌ಕ್ಲಸ್ಟರ್ ಅನ್ನುವ ಸಾಧನಕ್ಕೆ ಕೊಟ್ಟರೆ ಆ ಜಾಗ ಯಾವ ಫೈಲಿನದ್ದು ಅಂತ ಹೇಳುತ್ತದೆ. ನಾಲ್ಕು ತೂತು ವಿಂಡೋಸ್ ಅಪ್‌ಡೇಟಿನ ಹಳೆ ಕಡತಗಳಲ್ಲಿ, ಎರಡು ಪೇಜ್‌ಫೈಲಿನಲ್ಲಿ. ಅವು ಹೋದರೆ ಅಳುವವರಿಲ್ಲ. ಏಳನೆಯದು ಮಳೆಯಲ್ಲಿ. ಇಡೀ ಟಿಬಿಯಲ್ಲಿ ಅದಕ್ಕೆ ಬೇರೆ ಜಾಗ ಸಿಗಲಿಲ್ಲ ನೋಡಿ.

ಆದರೂ ಅದೃಷ್ಟ ಪೂರ್ತಿ ಕೈಬಿಟ್ಟಿರಲಿಲ್ಲ. ಎಕ್ಸೆಲ್ ಫೈಲ್ ಅಂದರೆ ಒಂದು ಜಿಪ್ ಗಂಟು, ಒಂದೊಂದು ಶೀಟೂ ಅದರೊಳಗೆ ಬೇರೆ ಬೇರೆ ಕಟ್ಟು. ಬಿಚ್ಚಿದಾಗ ಐದು ದಶಕದ ಶೀಟುಗಳು ಕ್ಷೇಮವಾಗಿ ಬಂದವು, ಕೆಟ್ಟದ್ದು ತೊಂಬತ್ತರ ದಶಕದ್ದು ಮಾತ್ರ. ಅದನ್ನೂ ಪೈಥಾನಿನಲ್ಲಿ ನಾಲ್ಕು ಸಾಲು ಬರೆದು, ಕಸ ಸಿಗುವವರೆಗೆ ಬಿಚ್ಚುತ್ತಾ ಹೋಗು, ಸಿಕ್ಕಷ್ಟು ಕೊಡು ಅಂದೆ. 1996ರ ಆಗಸ್ಟ್ ಮಧ್ಯದವರೆಗೆ ಬಂದು ನಿಂತಿತು. ಅಲ್ಲಿಂದ 1999ರ ಡಿಸೆಂಬರ್‌ವರೆಗೆ ಇಲ್ಲ. ಜಿಪ್‌ನಲ್ಲಿ ಹಿಂದಿನದನ್ನು ಆಧರಿಸಿ ಮುಂದಿನದು ಬಿಚ್ಚಿಕೊಳ್ಳುವುದರಿಂದ ತೂತಿನ ಆಚೆ ದಡದ್ದು ಇದ್ದರೂ ಸಿಗಲಿಲ್ಲ. ಬೀರುವಿನಿಂದ ಅಸಲಿ ಡಿಸ್ಕ್ ತೆಗೆದು ಆ ಒಂದೇ ಸೆಕ್ಟರಿಗೆ ಇನ್ನೂ ಇಪ್ಪತ್ತು ಬಾರಿ ಪ್ರಯತ್ನಿಸಿದೆ. ಇಲ್ಲ.

ಗೌಡ್ರಿಗೆ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೂರೂವರೆ ವರ್ಷ ತಾನೇ" ಅಂದರು.

ಮಾರನೇ ದಿನ ಬೆಳಗ್ಗೆ ಹತ್ತಕ್ಕೆ ಬಂದರು, ಕಂಕುಳಲ್ಲಿ ಟವೆಲ್ ಸುತ್ತಿದ ಕಟ್ಟು. ನಾಲ್ಕು ಡೈರಿ. 1997ರದ್ದರ ಬೆನ್ನನ್ನು ಗೆದ್ದಲು ಪೂರ್ತಿ ತಿಂದಿತ್ತು, ಹಾಳೆಗಳ ಅಂಚು ಅಪ್ಪಳದ ಹಾಗೆ ಉದುರುತ್ತಿತ್ತು, ಆದರೆ ಮಧ್ಯದ ನೀಲಿ ಶಾಯಿ ಹಾಗೇ ಇತ್ತು. ನನ್ನ ಅಂಗಡಿಯ ಹುಡುಗ ಕೀಬೋರ್ಡ್ ಎಳೆದುಕೊಂಡ. ಗೌಡ್ರು ಕನ್ನಡಕ ಏರಿಸಿ ಓದಲು ಶುರುಮಾಡಿದರು. "ಆಗಸ್ಟ್ ಹದಿನೇಳು, ಒಂದು ಇಂಚು ಇಪ್ಪತ್ತು. ಹದಿನೆಂಟು, ಎಂಬತ್ತು ಸೆಂಟ್ಸ್. ಹತ್ತೊಂಬತ್ತು... ಇಲ್ಲಿ ತೂತಿದೆ. ಖಾಲಿ ಬಿಡು."